ಆಯಿಲ್ ಬದಲಿಸಿದ ಮೇಲೆ, ಗ್ಯಾರೇಜ್ ಬಿಡುವ ಮುಂಚೆ ನೀವೇ ಒಮ್ಮೆ ನೋಡಿ

ಹಳೆಯ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಯಿಲ್ ಬದಲಿಸದೇ ಇದ್ದರೆ ಎಂಜಿನ್ ಹಾಳಾಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಬದಲಿಸಿದ ದಿನವೇ ಹಾಳಾಗಬಹುದು ಅನ್ನೋದು ಹೆಚ್ಚು ಜನರಿಗೆ ಗೊತ್ತಿಲ್ಲ. ನನ್ನ ಕಾರಿಗೆ ಆದದ್ದು ಅದೇ.

ಹದಿನೆಂಟು ವರ್ಷದ ಪೆಟ್ರೋಲ್ ಕಾರು ಅದು. ಆಯಿಲ್ ಯಾವತ್ತೂ ತಡ ಮಾಡಿದ್ದಿಲ್ಲ. ಎಂಜಿನ್‌ನಲ್ಲಿ ಸದ್ದಿಲ್ಲ, ಹೊಗೆ ಇಲ್ಲ. ಯಾವಾಗಲೂ ನೋಡುತ್ತಿದ್ದ ಮೆಕ್ಯಾನಿಕ್ ಕೆಲಸ ನಿಲ್ಲಿಸಿದ್ದರಿಂದ ಈ ಸಲ ಬೇರೆ ಗ್ಯಾರೇಜ್‌ಗೆ ಕೊಟ್ಟೆ. ಕೆಲಸ ನಡೆಯುವ ಜಾಗಕ್ಕೆ ಬಿಡಲಿಲ್ಲ, ಹೊರಗೆ ಕೂರಿಸಿದರು. ಬೇಗನೇ ಮುಗಿಯಿತು ಎಂದರು. ಹೊಸ ಆಯಿಲ್, ಹೊಸ ಫಿಲ್ಟರ್ ಎಂದು ಬಿಲ್‌ನಲ್ಲಿತ್ತು. ಮುಂದಿನ ಸಲ ಯಾವಾಗ ಬರಬೇಕು ಅಂತ ಗಾಜಿಗೆ ಸ್ಟಿಕ್ಕರ್ ಕೂಡ ಅಂಟಿಸಿದ್ದರು.

ಊರೊಳಗೆ ನಿಧಾನವಾಗಿ ಬರುವಾಗ ಏನೂ ಗೊತ್ತಾಗಲಿಲ್ಲ. ದೊಡ್ಡ ರಸ್ತೆಗೆ ಬಂದು ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿತು. ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಅಷ್ಟರಲ್ಲೇ ಒಳಗಿಂದ ಟಕಟಕ ಎನ್ನುವ ಸದ್ದು ಶುರುವಾಗಿತ್ತು. ಇಳಿದು ನೋಡಿದರೆ ಕಾರಿನ ಅಡಿಯೆಲ್ಲ ಆಯಿಲ್. ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದರೆ ತುದಿಯಲ್ಲಿ ಒಂದು ಹನಿಯೂ ಇಲ್ಲ.

ಈ ಕೆಂಪು ದೀಪದ ಬಗ್ಗೆ ಬಹಳ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ಇದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪ ಅಲ್ಲ. ಎಂಜಿನ್‌ನೊಳಗೆ ಆಯಿಲ್‌ನ ಒತ್ತಡ ತೀರಾ ಬಿದ್ದುಹೋದಾಗ ಹತ್ತುವ ದೀಪ. ಅಂದರೆ ಆಯಿಲ್ ಕಡಿಮೆ ಆಗುತ್ತಿರುವಾಗಲೇ ಎಚ್ಚರಿಸುವುದಿಲ್ಲ. ಪಂಪ್‌ಗೆ ಎಳೆಯಲು ಆಯಿಲ್ ಸಿಗದೇ ಹೋದಾಗ ಎಚ್ಚರಿಸುತ್ತದೆ. ಆ ಹೊತ್ತಿಗೆ ಎಂಜಿನ್‌ನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ನ ಬೇರಿಂಗ್‌ಗಳು ಆಯಿಲ್ ಇಲ್ಲದೆ ಉಜ್ಜಲು ಶುರು ಮಾಡಿರುತ್ತವೆ. ಹತ್ತಿರದ ಗ್ಯಾರೇಜ್‌ವರೆಗೆ ಓಡಿಸಿಬಿಡೋಣ ಅಂದುಕೊಂಡರೆ ಎಂಜಿನ್ ಕೈಬಿಟ್ಟ ಹಾಗೇ.

ಅಲ್ಲಿಂದಲೇ ಗ್ಯಾರೇಜ್‌ಗೆ ಫೋನ್ ಮಾಡಿದೆ. ಬಂದ ಉತ್ತರ ಇದು: "ಹಳೇ ಗಾಡಿ ಅಲ್ವಾ ಸರ್, ಆಯಿಲ್ ಕುಡಿಯುತ್ತೆ. ನಾವೇನು ಮಾಡೋಕಾಗುತ್ತೆ?"

ಈ ಬರಹ ಬರೆಯಲು ಮುಖ್ಯ ಕಾರಣವೇ ಈ ಮಾತು. ಹಳೆಯ ಎಂಜಿನ್ ಆಯಿಲ್ ಕುಡಿಯುವುದು ನಿಜ. ಪಿಸ್ಟನ್ ರಿಂಗ್ ಸವೆದರೆ, ವಾಲ್ವ್ ಸೀಲ್ ಗಟ್ಟಿಯಾದರೆ ಆಯಿಲ್ ಉರಿದುಹೋಗುತ್ತದೆ. ಆದರೆ ಅದು ನೀಲಿ ಹೊಗೆಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ, ರಸ್ತೆಗೆ ಸುರಿಯುವುದಿಲ್ಲ. ತುಂಬಾ ಕೆಟ್ಟ ಎಂಜಿನ್ ಕೂಡ ಒಂದು ಲೀಟರ್ ಕುಡಿಯಲು ನೂರಾರು ಕಿಲೋಮೀಟರ್ ಓಡಬೇಕು. ಬೆಳಿಗ್ಗೆ ತುಂಬಿಸಿದ ಆಯಿಲ್ ಪೂರ್ತಿ ಮಧ್ಯಾಹ್ನದೊಳಗೆ ಖಾಲಿಯಾದರೆ ಅದಕ್ಕೂ ಕಾರಿನ ವಯಸ್ಸಿಗೂ ಸಂಬಂಧ ಇಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದರೆ ಒಪ್ಪಿಕೊಳ್ಳಬೇಡಿ. ತಮ್ಮ ಕೆಲಸದ ತಪ್ಪನ್ನು ನಿಮ್ಮ ಕಾರಿನ ಮೇಲೆ ಹೊರಿಸುತ್ತಿದ್ದಾರೆ, ಅಷ್ಟೇ.

ಕಾರನ್ನು ಟೋ ಮಾಡಿಸಿ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ನನ್ನ ಎದುರಿಗೇ ಫಿಲ್ಟರ್ ಬಿಚ್ಚಿದರು. ಒಂದರ ಮೇಲೊಂದು ಎರಡು ರಬ್ಬರ್ ರಿಂಗ್! ಆಯಿಲ್ ಫಿಲ್ಟರ್‌ನ ಬಾಯಿಗೆ ಒಂದು ರಬ್ಬರ್ ರಿಂಗ್ ಇರುತ್ತದೆ. ಹಳೆಯ ಫಿಲ್ಟರ್ ಬಿಚ್ಚುವಾಗ ಅದರ ರಿಂಗ್ ಕೆಲವೊಮ್ಮೆ ಎಂಜಿನ್‌ಗೇ ಅಂಟಿಕೊಂಡು ಉಳಿದುಬಿಡುತ್ತದೆ. ಬಿಸಿಗೆ ರಬ್ಬರ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸ ಫಿಲ್ಟರ್ ತಿರುಗಿಸಿದರೆ ಎರಡು ರಿಂಗ್ ಆಗುತ್ತವೆ. ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ಹಾಕಿ ಮುಚ್ಚಿದ ಹಾಗೆ, ಕೂತಂತೆ ಕಂಡರೂ ಕೂತಿರುವುದಿಲ್ಲ. ನಿಂತಲ್ಲೇ ಎಂಜಿನ್ ಓಡುವಾಗ ಒತ್ತಡ ಕಡಿಮೆ, ಹಾಗಾಗಿ ಸೋರದೇ ಇರಬಹುದು. ಎಂಜಿನ್ ವೇಗ ಏರಿದಂತೆ ಪಂಪ್‌ನ ಒತ್ತಡವೂ ಏರಿ ರಿಂಗ್ ಪಕ್ಕಕ್ಕೆ ಜಾರುತ್ತದೆ. ಆಮೇಲೆ ಕೆಲವೇ ನಿಮಿಷಗಳಲ್ಲಿ ಎಲ್ಲ ಆಯಿಲ್ ಹೊರಗೆ. ಸೋರಿದ ಆಯಿಲ್ ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಬೆಂಕಿಯೂ ಹತ್ತಬಹುದು. ಇದನ್ನು ತಪ್ಪಿಸಲು ಬೇಕಿದ್ದದ್ದು ಇಷ್ಟೇ: ಹಳೆಯ ಫಿಲ್ಟರ್ ತಿರುಗಿಸಿ ರಿಂಗ್ ಅದರಲ್ಲೇ ಇದೆಯಾ ಎಂದು ನೋಡುವುದು, ಅದು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸುವುದು.

ಅವರು ಇನ್ನೊಂದನ್ನೂ ತೋರಿಸಿದರು. ಹಳೆಯ ಆಯಿಲ್ ಇಳಿಸಲು ಬಿಚ್ಚುವ ಕೆಳಗಿನ ಡ್ರೇನ್ ಬೋಲ್ಟ್ ಸುತ್ತ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿದ್ದರು. ಬಿಚ್ಚಿದರೆ ಥ್ರೆಡ್ ಹೋಗಿದೆ. ನನ್ನ ಕಾರಿನ ಆಯಿಲ್ ಚೇಂಬರ್ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಲ್ಯೂಮಿನಿಯಂನದ್ದು, ಬೋಲ್ಟ್ ಉಕ್ಕಿನದ್ದು. ಉದ್ದದ ಪಾನಾ ಹಾಕಿ ಶಕ್ತಿ ಬಿಟ್ಟು ಬಿಗಿದರೆ ಸೋಲುವುದು ಅಲ್ಯೂಮಿನಿಯಂ. ಹಳೆಯ ವಾಷರ್ ಅನ್ನೇ ಮತ್ತೆ ಹಾಕಿದ್ದರು. ತಾಮ್ರದ ಅಥವಾ ಅಲ್ಯೂಮಿನಿಯಂನ ಈ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಆಗ ಸೋರುತ್ತದೆ, ಸೋರುತ್ತದೆ ಎಂದು ಇನ್ನೂ ಬಿಗಿಯುತ್ತಾರೆ, ಥ್ರೆಡ್ ಹೋಗುತ್ತದೆ. ಪೇಸ್ಟ್ ಹಚ್ಚಿದ್ದು ಪರಿಹಾರವೂ ಅಲ್ಲ. ಅದರ ಚೂರು ಕಿತ್ತು ಒಳಗೆ ಬಿದ್ದರೆ ಆಯಿಲ್ ಎಳೆಯುವ ಜಾಲರಿಗೆ ಹೋಗಿ ಸಿಕ್ಕಿಕೊಳ್ಳಬಹುದು.

ಕೊನೆಗೆ ಚೇಂಬರ್ ಇಳಿಸಿ ನೋಡಿದಾಗ ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್‌ಗಳ ಮೇಲೆ ಗೆರೆಗಳು ಬಿದ್ದಿದ್ದವು. ಅವನ್ನು ಬದಲಿಸಿದರು. ಕ್ರ್ಯಾಂಕ್ ಅಳತೆ ಸರಿ ಇತ್ತು, ಹಾಗಾಗಿ ಎಂಜಿನ್ ಉಳಿಯಿತು. ಡ್ರೇನ್ ಬೋಲ್ಟ್‌ನ ತೂತಿಗೆ ಹೊಸ ಥ್ರೆಡ್ ಕೂರಿಸಿದರು. ಒಂದು ರಿಂಗ್ ತೆಗೆಯದ್ದಕ್ಕೆ ಇಷ್ಟೆಲ್ಲ ಕೆಲಸ. ಅದೂ ಚೆನ್ನಾಗಿ ನೋಡಿಕೊಂಡಿದ್ದ ಎಂಜಿನ್‌ಗೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಕೆಲಸ ನಡೆಯುವಾಗ ನೋಡಲು ಬಿಡದ ಗ್ಯಾರೇಜ್‌ಗೆ ಹಳೆಯ ಕಾರು ಕೊಡಬೇಡಿ. ಹತ್ತಿರ ನಿಲ್ಲಲು ಆಗುವುದಿಲ್ಲ ಎಂದರೆ ಹಳೆಯ ಫಿಲ್ಟರ್ ತೆಗೆದ ಮೇಲೆ ತೋರಿಸಿ ಎಂದು ಮೊದಲೇ ಹೇಳಿಡಿ. ಅದರಲ್ಲಿ ರಿಂಗ್ ಇರಲೇಬೇಕು. ಹೊಸ ಫಿಲ್ಟರ್‌ನ ರಿಂಗ್‌ಗೆ ಬೆರಳಿನಿಂದ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸಬೇಕು. ರಿಂಗ್ ತಗುಲಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಎಷ್ಟು ಎಂದು ಫಿಲ್ಟರ್ ಮೇಲೆಯೇ ಬರೆದಿರುತ್ತದೆ. ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್ ಕೇಳಿ. ಆಯಿಲ್ ಡಬ್ಬಿಯನ್ನು ನಿಮ್ಮೆದುರು ಒಡೆಯಲಿ. 10ಡಬ್ಲ್ಯೂ-30, 20ಡಬ್ಲ್ಯೂ-50 ಹೀಗೆ ಯಾವ ಗ್ರೇಡ್ (ಆಯಿಲ್ ಎಷ್ಟು ಮಂದ ಎಂಬ ಗುರುತು) ಹಾಕಬೇಕು, ಎಷ್ಟು ಲೀಟರ್ ಹಿಡಿಯುತ್ತದೆ ಅನ್ನೋದು ಕಾರಿನ ಪುಸ್ತಕದಲ್ಲಿದೆ. ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಹೊರಡುವ ಆತುರ ಬೇಡ. ಎಂಜಿನ್ ಒಂದೆರಡು ನಿಮಿಷ ಓಡಿಸಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿ, ಕೆಳಗೆ ಟಾರ್ಚ್ ಹಾಕಿ ನೋಡಿ. ಫಿಲ್ಟರ್ ಸುತ್ತ, ಬೋಲ್ಟ್ ಸುತ್ತ ಒಣಗಿರಬೇಕು. ಆಮೇಲೆ ಆಫ್ ಮಾಡಿ ಐದು ನಿಮಿಷ ಬಿಟ್ಟು, ಸಮನಾದ ನೆಲದಲ್ಲಿ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ಹೊಸ ಫಿಲ್ಟರ್ ತನ್ನೊಳಗೆ ಸ್ವಲ್ಪ ಆಯಿಲ್ ಎಳೆದುಕೊಂಡಿರುತ್ತದೆ, ಅದಕ್ಕೇ ಓಡಿಸಿದ ಮೇಲೆ ನೋಡಬೇಕು. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇದ್ದರೆ ಸರಿ. ಮೇಲಿನ ಗುರುತು ದಾಟಿದ್ದರೂ ತೊಂದರೆಯೇ. ತೀರಾ ಜಾಸ್ತಿ ಆದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಹೆಚ್ಚಾದದ್ದನ್ನು ತೆಗೆಸಿಯೇ ಹೊರಡಿ.

ಆ ಮೊದಲಿನ ಗ್ಯಾರೇಜ್‌ನವರು ಎಂಜಿನ್ ಫ್ಲಶ್ (ದ್ರಾವಣ ಹಾಕಿ ಎಂಜಿನ್ ಒಳಗೆ ತೊಳೆಯುವುದು) ಮಾಡಿಸಿ ಎಂದೂ ಒತ್ತಾಯ ಮಾಡಿದ್ದರು. ನಾನು ಬೇಡ ಎಂದೆ. ಆಯಿಲ್ ಸರಿಯಾಗಿ ಬದಲಿಸಿಕೊಂಡು ಬಂದ ಕಾರಿಗೆ ಅದರ ಅಗತ್ಯ ಇಲ್ಲ. ಬದಲಿಸದೇ ಬಿಟ್ಟಿದ್ದ ಕಾರಿಗೆ ಅದು ಅಪಾಯ. ವರ್ಷಗಟ್ಟಲೆ ಕೂತ ಕೆಸರು ಒಮ್ಮೆಲೇ ಕಿತ್ತುಬಂದು ಪಂಪ್‌ನ ಜಾಲರಿ ಕಟ್ಟಿಕೊಳ್ಳಬಹುದು. ಅಂಥ ಕಾರು ಕೈಗೆ ಬಂದರೆ ಒಂದೆರಡು ಸಲ ಬೇಗ ಬೇಗ ಆಯಿಲ್, ಫಿಲ್ಟರ್ ಬದಲಿಸುತ್ತಾ ಹೋಗುವುದೇ ಒಳ್ಳೆಯದು.

ಇದನ್ನೆಲ್ಲ ಓದಿ ಆಯಿಲ್ ಬದಲಿಸೋದನ್ನೇ ಮುಂದೂಡಬೇಡಿ. ಕಡಿಮೆ ಓಡುವ ಕಾರಿಗೂ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬರೀ ಹತ್ತಿರದ ಓಡಾಟ ಆದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ನೀರಿನಂಶವೂ ಪೆಟ್ರೋಲೂ ಆಯಿಲ್‌ನಲ್ಲೇ ಉಳಿಯುತ್ತವೆ.

ನನ್ನ ಎರಡನೇ ಮೆಕ್ಯಾನಿಕ್ ಬಿಚ್ಚಿದ ಫಿಲ್ಟರ್, ಎರಡೂ ರಿಂಗ್, ಹಾಳಾದ ಬೇರಿಂಗ್ ಎಲ್ಲವನ್ನೂ ಫೋಟೋ ತೆಗೆಸಿ, ಏನು ಕಂಡಿತು ಎಂದು ಬಿಲ್‌ನಲ್ಲೇ ಬರೆದುಕೊಟ್ಟರು. ಅದನ್ನು ಇಟ್ಟುಕೊಂಡು ಮೊದಲಿನ ಗ್ಯಾರೇಜ್‌ಗೆ ಬರಹದಲ್ಲಿ ದೂರು ಕೊಟ್ಟ ಮೇಲೆ 'ಹಳೇ ಗಾಡಿ' ಅನ್ನೋ ಮಾತು ನಿಂತಿತು. ದುಡ್ಡಿನ ಮಾತು ಇನ್ನೂ ನಡೆಯುತ್ತಿದೆ. ನಿಮಗೆ ಹೀಗಾದರೆ ಕಾರನ್ನು ತಪ್ಪು ಮಾಡಿದವರ ಕೈಗೇ ಮತ್ತೆ ಕೊಡಬೇಡಿ. ರಿಂಗ್ ಕಿತ್ತು ಬಿಸಾಡಿದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.