ಆನ್‌ಲೈನ್ ಖರೀದಿ: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಅಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ನಂಬರ್ ಗೊತ್ತಿರುವ, ತಿಂಗಳು ತಿಂಗಳೂ ಅದೇ ಬೇಕಾಗುವ ವಸ್ತುಗಳಿಗೆ ಆನ್‌ಲೈನ್ ಖರೀದಿಗೆ 5ಕ್ಕೆ 4. ಮುಟ್ಟಿ, ತೊಟ್ಟು, ಎತ್ತಿ ನೋಡಿ ಕೊಳ್ಳಬೇಕಾದವಕ್ಕೆ 5ಕ್ಕೆ 2, ಅದೂ ವಾಪಸ್ ಮಾಡುವುದು ಸುಲಭವಿದ್ದರೆ.

ಅಂತರ ಇಷ್ಟಿರುವುದು ಆ್ಯಪ್‌ನ ಗುಣಮಟ್ಟದಿಂದಲ್ಲ. ಹಿಂದೆ ಅಂಗಡಿಯವರು ಮಾಡುತ್ತಿದ್ದ ಕೆಲಸ ಒಂದೊಂದಾಗಿ ನಮ್ಮ ತಲೆಗೆ ಬಂದಿರುವುದೇ ಇದಕ್ಕೆ ಕಾರಣ. ಕೌಂಟರಿನ ಆಚೆ ನಿಂತವರು ಸಾಮಾನು ಆರಿಸುತ್ತಿದ್ದರು, ತೂಗುತ್ತಿದ್ದರು, ಹಳೆಯ ಮಾಲು ಯಾವುದೆಂದು ಬಲ್ಲವರಾಗಿದ್ದರು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಪಿಗ್ಲಿ ವಿಗ್ಲಿ ಅಂಗಡಿ ತೆರೆದಾಗ ಆರಿಸುವ ಕೆಲಸ ಗಿರಾಕಿಯದಾಯಿತು. ಕೈಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿಯೇ ಒಕ್ಲಹಾಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಗಾಲಿಬುಟ್ಟಿ ತಂದರು. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್‌ನಲ್ಲಿ ಯುಪಿಸಿ (ಪ್ರತಿ ಸರಕನ್ನು ಗುರುತಿಸುವ ಸಂಖ್ಯೆ) ಬಾರ್‌ಕೋಡ್ ಮೊದಲ ಬಾರಿಗೆ ಬಿಲ್ಲಿಂಗ್‌ನಲ್ಲಿ ಸ್ಕ್ಯಾನ್ ಆಯಿತು. ಆಮೇಲೆ ಪ್ರತಿ ವಸ್ತುವಿನ ಮೇಲೆ ಅಂಟಿಸುತ್ತಿದ್ದ ಬೆಲೆಚೀಟಿ ಮೆಲ್ಲಗೆ ಮಾಯವಾಗಿ, ಬೆಲೆ ಕಂಪ್ಯೂಟರಿನೊಳಗೆ ಸೇರಿತು. ಫೋನಿನಲ್ಲಿರುವ ಕಾರ್ಟ್‌ಗೆ ಭಾರವೂ ಇಲ್ಲ, ತಳವೂ ಇಲ್ಲ. ಸಾಕು ಎಂದು ಕೈಗೆ ತಿಳಿಸುತ್ತಿದ್ದ ಲಕ್ಷಣ ಅಲ್ಲಿಗೆ ಪೂರ್ತಿ ಹೋಯಿತು.

ಹಾಗಾಗಿ ಹಳೆಯ ಕಾಲದ ಚೀಟಿಯನ್ನು ಬಿಡಬೇಡಿ. ಆ್ಯಪ್ ತೆರೆಯುವ ಮೊದಲೇ ಮನೆಯಲ್ಲಿ ಏನು ಎಷ್ಟು ಉಳಿದಿದೆ ಎಂದು ನೋಡಿ, ಬೇಕಾದ ಪ್ರಮಾಣದ ಸಮೇತ ಬರೆಯಿರಿ. ಚೀಟಿಯಲ್ಲಿಲ್ಲದ್ದು ಕಣ್ಣಿಗೆ ಬಿದ್ದರೆ ಅದನ್ನು 'ನಂತರಕ್ಕೆ' ಪಟ್ಟಿಗೆ ಹಾಕಿ, ಮರುದಿನ ನೋಡಿ. ಕಾರ್ಟ್‌ಗೆ ಹಾಕಿದ ಮಾತ್ರಕ್ಕೆ ಬೆಲೆಯಾಗಲಿ ಸ್ಟಾಕ್ ಆಗಲಿ ನಿಮ್ಮ ಹೆಸರಿಗೆ ನಿಲ್ಲುವುದಿಲ್ಲ ಎಂಬುದು ನೆನಪಿರಲಿ; ಹಣ ಕಟ್ಟುವ ಪುಟದಲ್ಲಿ ಮೊತ್ತವನ್ನು ಇನ್ನೊಮ್ಮೆ ಓದಲೇಬೇಕು. ಉಚಿತ ಡೆಲಿವರಿಯ ಮಿತಿ ಮುಟ್ಟಲು ಬೇಡದ ವಸ್ತು ಸೇರಿಸುವುದು ಬಹುಪಾಲು ನಷ್ಟವೇ. ಆ ವಸ್ತುವಿನ ಬೆಲೆ ಡೆಲಿವರಿ ಶುಲ್ಕಕ್ಕಿಂತ ಹೆಚ್ಚಿದ್ದರೆ ಶುಲ್ಕ ಕಟ್ಟುವುದೇ ಅಗ್ಗ.

ಹೆಚ್ಚು ಜನ ಏಮಾರುವುದು ಪ್ಯಾಕ್ ಅಳತೆಯಲ್ಲಿ. ಪರದೆಯ ಮೇಲೆ 900 ಗ್ರಾಂ ಮತ್ತು 1 ಕಿಲೋ ಪ್ಯಾಕ್‌ಗಳ ಚಿತ್ರ ಒಂದೇ ಗಾತ್ರದಲ್ಲಿ ಕಾಣುತ್ತವೆ. ಕೈಯಲ್ಲಿ ಹಿಡಿದಾಗ ತಿಳಿಯುವ ಅಂತರ ಇಲ್ಲಿ ಸಿಗುವುದಿಲ್ಲ. 1 ಕಿಲೋ ಬೆಲೆಗೆ 900 ಗ್ರಾಂ ಕೊಂಡರೆ ನೂರಕ್ಕೆ 11ರಷ್ಟು ಹೆಚ್ಚು ಕೊಟ್ಟಂತೆ. ಬೆಲೆಯನ್ನು ಗ್ರಾಂಗಳಿಂದ ಭಾಗಿಸಿ 100ರಿಂದ ಗುಣಿಸಿದರೆ 100 ಗ್ರಾಂನ ದರ ಬರುತ್ತದೆ. ಎಲ್ಲ ಹೋಲಿಕೆಯನ್ನೂ ಈ ಅಂಕಿಯ ಮೇಲೇ ಮಾಡಿ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗವೆಂಬ ಹಳೆಯ ನಂಬಿಕೆ ಈಗ ನಡೆಯುವುದಿಲ್ಲ. ಮೂರು ಪ್ಯಾಕ್‌ಗಳ ಕಾಂಬೋ ಬಿಡಿ ಪ್ಯಾಕ್‌ಗಿಂತ ದುಬಾರಿ ಬೀಳುವುದೂ ಉಂಟು.

ಎರಡನೆಯ ತೊಡಕು ಮಾರಾಟಗಾರರದು. ಒಂದೇ ವಸ್ತುವಿನ ಪುಟದಲ್ಲಿ ಹಲವು ಮಾರಾಟಗಾರರು ಇರಬಹುದು, 'ಖರೀದಿಸಿ' ಗುಂಡಿಯ ಹಿಂದೆ ಇರುವವರು ಆಗಾಗ ಬದಲಾಗುತ್ತಾರೆ. ಕಳೆದ ಬಾರಿ ಒಳ್ಳೆಯದು ಬಂದಿತ್ತೆಂದು ಅದೇ ಲಿಂಕ್‌ನಿಂದ ತರಿಸಿದರೂ ಬೇರೆಯವರ ಮಾಲು ಬರಬಹುದು. 'ಮಾರಾಟ ಮಾಡುವವರು' ಎಂಬ ಸಾಲನ್ನು ಪ್ರತಿ ಸಲ ಓದಿ. ಸ್ಟಾರ್‌ಗಳ ಕಥೆಯೂ ಇದೇ: ಬೇರೆ ಬೇರೆ ಬಣ್ಣ, ಗಾತ್ರ, ಕೆಲವೊಮ್ಮೆ ಬೇರೆ ಬೇರೆ ಮಾಡೆಲ್‌ಗಳ ವಿಮರ್ಶೆಗಳನ್ನೆಲ್ಲ ಒಂದೇ ರಾಶಿಗೆ ಹಾಕಿರುತ್ತಾರೆ. ನಿಮಗೆ ಬೇಕಾದ ಮಾಡೆಲ್ ಮಾತ್ರ ಉಳಿಯುವಂತೆ ಫಿಲ್ಟರ್ ಹಾಕಿ, ಹೊಸವು ಮೊದಲು ಬರುವಂತೆ ಜೋಡಿಸಿ, 3 ಸ್ಟಾರ್ ಕೊಟ್ಟವರನ್ನು ಓದಿ. ಹೊಗಳಿಕೆ ಮತ್ತು ಸಿಟ್ಟು ಎರಡೂ ಕಡಿಮೆ ಇರುವ ಕಡೆಯೇ ಉಪಯೋಗಕ್ಕೆ ಬರುವ ಮಾಹಿತಿ ಸಿಗುತ್ತದೆ.

ಬಟ್ಟೆಗೆ ಎಸ್, ಎಂ, ಎಲ್ ನಂಬಬೇಡಿ. ನಿಮಗೆ ಸರಿಹೊಂದುವ ಅಂಗಿಯನ್ನು ಮೇಜಿನ ಮೇಲೆ ಹರಡಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆದು ಎರಡರಿಂದ ಗುಣಿಸಿ. ಇದು ಬಟ್ಟೆಯ ಸುತ್ತಳತೆ, ಮೈಯ ಸುತ್ತಳತೆಯಲ್ಲ. ಚಾರ್ಟ್‌ನಲ್ಲಿ ಯಾವುದನ್ನು ಕೊಟ್ಟಿದ್ದಾರೆ ಎಂದು ನೋಡದೆ ಹೋಲಿಸಿದರೆ ಒಂದು ಸೈಜ್ ಹೆಚ್ಚುಕಡಿಮೆ ಆಗಿಯೇ ತೀರುತ್ತದೆ. ಚಪ್ಪಲಿ, ಶೂಗೆ ಸಂಜೆ ಹೊತ್ತು, ನಿಂತುಕೊಂಡು, ಎರಡೂ ಪಾದ ಅಳೆದು ದೊಡ್ಡದರ ಅಳತೆ ಹಿಡಿಯಿರಿ.

ಪಾರ್ಸೆಲ್ ಪಡೆಯುವ ಹೊತ್ತಿನಲ್ಲಿ ಆತುರ ಬೇಡವೇ ಬೇಡ. ತೆರೆದು ತೋರಿಸುವ ಡೆಲಿವರಿಯಲ್ಲಿ ಒಟಿಪಿ ಹೇಳಿದರೆ ವಸ್ತು ಸರಿಯಿದೆ ಎಂದು ಒಪ್ಪಿಕೊಂಡಂತೆ, ಆದ್ದರಿಂದ ನೋಡಿದ ಮೇಲೆ ಒಟಿಪಿ. ಮುಚ್ಚಿದ ಡಬ್ಬ ಬಂದರೆ ತೆರೆಯುವ ಮುಂಚೆಯೇ ವಿಡಿಯೊ ಶುರುಮಾಡಿ: ವಿಳಾಸದ ಲೇಬಲ್, ಡಬ್ಬದ ಆರೂ ಮುಖ, ಟೇಪ್, ಆಮೇಲೆ ಕತ್ತರಿ. ನಡುವೆ ನಿಲ್ಲಿಸಿ ಮತ್ತೆ ಹಿಡಿದ ವಿಡಿಯೊವನ್ನು ದೂರು ಪರಿಶೀಲಿಸುವವರು ಒಪ್ಪದಿರುವ ಸಾಧ್ಯತೆ ಹೆಚ್ಚು. ಫೋನ್ ಆಗಿದ್ದರೆ *#06# ಒತ್ತಿ, ಪರದೆಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಡಬ್ಬದ ಮೇಲಿನದು, ಬಿಲ್ಲಿನದು ಮೂರೂ ಒಂದೇ ಎಂದು ಖಚಿತ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದ ಬ್ಯಾಟರಿ ಸಾಧನಗಳು ಒಮ್ಮೊಮ್ಮೆ ಪೂರ್ತಿ ಇಳಿದು ಬರುತ್ತವೆ. ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಕೆಲವು ಗಂಟೆ ಚಾರ್ಜ್ ಮಾಡಿ ನೋಡಿ. ತಿನ್ನುವ, ಹಚ್ಚಿಕೊಳ್ಳುವ ವಸ್ತುಗಳ ಅವಧಿ ದಿನಾಂಕವನ್ನು ಕಪಾಟಿಗೆ ಇಡುವ ಮೊದಲೇ ಓದಬೇಕು.

ವಾಪಸಾತಿಯ ಗಡುವನ್ನು ಸಾಮಾನ್ಯವಾಗಿ ಡೆಲಿವರಿ ದಿನದಿಂದ ಎಣಿಸುತ್ತಾರೆ, ನೀವು ಡಬ್ಬ ತೆರೆದ ದಿನದಿಂದಲ್ಲ. ಉಡುಗೊರೆಗೆಂದು ಮೊದಲೇ ತರಿಸಿ ಎತ್ತಿಟ್ಟವರಿಗೆ ಇದು ಬಹಳ ತೊಂದರೆ ಕೊಡುತ್ತದೆ. ಹಣ ವಾಪಸ್ ಕೇಳುವಾಗ ಆ್ಯಪ್ ವ್ಯಾಲೆಟ್ ಬದಲು ಹಣ ಹೋದ ಖಾತೆಯನ್ನೇ ಆರಿಸಿ. ಕೆಲವು ದಿನ ತಡವಾದರೂ ಪರವಾಗಿಲ್ಲ; ವ್ಯಾಲೆಟ್‌ಗೆ ಬಿದ್ದ ಹಣ ಅದೇ ಅಂಗಡಿಗೆ ಕಟ್ಟುಬಿದ್ದಿರುತ್ತದೆ.

ನಿಮಿಷಗಳಲ್ಲಿ ತಲುಪಿಸುವ ಸೇವೆಯ ಬಗ್ಗೆ ಒಂದೇ ಮಾತು: ಅದರ ಹಿಂದಿರುವುದು ಸಣ್ಣ ಗೋದಾಮು, ಆಯ್ಕೆ ಕಡಿಮೆ. 'ಸಿಗದಿದ್ದರೆ ಬದಲಿ ಕಳುಹಿಸಿ' ಎಂಬ ಸೆಟ್ಟಿಂಗ್ ಅನ್ನು ಆಫ್ ಮಾಡಿಟ್ಟುಕೊಳ್ಳಿ.

ವಯಸ್ಸಾದವರಿಗೆ ಈ ಸೇವೆ ನಿಜವಾಗಿಯೂ ದೊಡ್ಡ ಉಪಕಾರ. ಭಾರ ಹೊರುವುದು, ಮೆಟ್ಟಿಲು, ಸಾಲಿನಲ್ಲಿ ನಿಲ್ಲುವುದು ಎಲ್ಲ ತಪ್ಪುತ್ತದೆ. ಅವರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ, ಜಾಹೀರಾತಿನ ನೋಟಿಫಿಕೇಶನ್ ನಿಲ್ಲಿಸಿ ಆರ್ಡರಿನವನ್ನು ಮಾತ್ರ ಉಳಿಸಿ, ಹಿಂದಿನ ಆರ್ಡರನ್ನು ಮತ್ತೆ ತರಿಸುವ ಗುಂಡಿ ತೋರಿಸಿಕೊಡಿ. ರಿಫಂಡ್ ಹೆಸರಿನಲ್ಲಿ ಕರೆ ಮಾಡಿ ಒಟಿಪಿ ಕೇಳುವವರು ಮೋಸಗಾರರು. ಡೆಲಿವರಿಯ ಒಟಿಪಿಯನ್ನು ಬಾಗಿಲಲ್ಲಿ ಎದುರಿಗೆ ನಿಂತವರಿಗೆ ಮಾತ್ರ ಹೇಳಬೇಕು. ಉಚಿತ ಅವಧಿಯ ಸದಸ್ಯತ್ವ ತೆಗೆದುಕೊಂಡಿದ್ದರೆ ಅದೇ ದಿನ ಸ್ವಯಂ ನವೀಕರಣವನ್ನು ರದ್ದು ಮಾಡಿ, ಬ್ಯಾಂಕ್ ಅಥವಾ ಕಾರ್ಡ್ ಖಾತೆಯಲ್ಲಿ ತಾನಾಗಿ ಹಣ ಕಡಿತವಾಗಲು ಕೊಟ್ಟ ಅನುಮತಿಯೂ ಹೋಗಿದೆಯೇ ಎಂದು ಬೇರೆಯಾಗಿ ಪರೀಕ್ಷಿಸಿ. ಆ್ಯಪ್ ಅಳಿಸಿದರೆ ಅದು ತಾನಾಗಿ ರದ್ದಾಗುವುದಿಲ್ಲ.