ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು: ಹಲವು ವರ್ಷ ಬಳಸಿದ ಮೇಲೆ, ಪೆಟ್ರೋಲಿನ ತೊಂದರೆಗಳ ಬಗ್ಗೆ

ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು 25 ಅಶ್ವಶಕ್ತಿಯ, ಎರಡು ಸಿಲಿಂಡರಿನ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಇರುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್. 1980ರ ದಶಕದ ತಯಾರಿಕೆ. ಗೇರ್, ಇಗ್ನಿಷನ್, ಎಂಜಿನ್ನನ್ನು ತಣ್ಣಗಿಡುವ ನೀರಿನ ಪಂಪು, ಈ ಮೂರರ ಬಗ್ಗೆ ದೂರುವಂಥದ್ದೇನೂ ಇಲ್ಲ. ಕಾಲಕಾಲಕ್ಕೆ ಮಾಡಬೇಕಾದ್ದನ್ನು ಮಾಡಿದರೆ ಅವು ತಮ್ಮ ಪಾಡಿಗೆ ತಾವು ನಡೆಯುತ್ತವೆ. ಈ ಮೋಟಾರು ಕಾಡಿದ್ದೆಲ್ಲ ಪೆಟ್ರೋಲಿನ ದಾರಿಯಲ್ಲಿಯೇ. ಆದ್ದರಿಂದ ವೇಗ, ಸದ್ದು, ತೂಕಗಳನ್ನು ಬದಿಗಿಟ್ಟು, ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ವ್ಯವಸ್ಥೆ ಎಲ್ಲೆಲ್ಲಿ ಕೈಕೊಡುತ್ತದೆ, ಅದನ್ನು ಪತ್ತೆಹಚ್ಚುವ ಬಗೆ ಯಾವುದು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಎಂಜಿನ್ ಗಟ್ಟಿ. ಅದಕ್ಕೆ ಪೆಟ್ರೋಲ್ ತಲುಪಿಸುವ ರಬ್ಬರ್ ಭಾಗಗಳು ಅಷ್ಟು ಗಟ್ಟಿಯಲ್ಲ. ಕಾರ್ಬ್ಯುರೇಟರಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಹೆಚ್ಚಿನವು ಅದರದ್ದಲ್ಲ.

ಇಂಥ ಮೋಟಾರುಗಳಲ್ಲಿ ಪದೇ ಪದೇ ಕಾಣುವ ಲಕ್ಷಣ ಹೀಗಿರುತ್ತದೆ: ತಣ್ಣಗಿದ್ದಾಗ ಒಂದೆರಡು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ನಿಧಾನವಾಗಿ ಹೋಗುವಾಗ ಯಾವ ತಕರಾರೂ ಇಲ್ಲ, ಥ್ರಾಟಲ್ ಪೂರ್ತಿ ತೆರೆದು ಕೆಲವು ನಿಮಿಷ ಓಡಿಸುವಷ್ಟರಲ್ಲಿ ಶಕ್ತಿ ಕುಗ್ಗಿ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಇದನ್ನು ಕೇಳಿದ ಮೆಕ್ಯಾನಿಕ್ ಸಾಮಾನ್ಯವಾಗಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯೋಣ ಎನ್ನುತ್ತಾನೆ. ತೊಳೆದ ಮೇಲೂ ತೊಂದರೆ ಹಾಗೆಯೇ ಉಳಿದರೆ ಆಶ್ಚರ್ಯವಿಲ್ಲ, ಏಕೆಂದರೆ ಈ ಲಕ್ಷಣವು ಫ್ಲೋಟ್ ಬೌಲಿನಲ್ಲಿರುವ (ಕಾರ್ಬ್ಯುರೇಟರಿನ ಪುಟ್ಟ ಪಾತ್ರೆಯಲ್ಲಿರುವ) ಪೆಟ್ರೋಲ್ ಖರ್ಚಾದಷ್ಟು ಬೇಗ ಹಿಂದಿನಿಂದ ಪೆಟ್ರೋಲ್ ಬಂದು ತುಂಬುತ್ತಿಲ್ಲ ಎಂಬುದನ್ನೇ ಹೇಳುತ್ತಿರುತ್ತದೆ. ಸರಿಯಾಗಿದೆಯೆಂದು ಗೊತ್ತಿರುವ ಬೇರೊಂದು ಟ್ಯಾಂಕನ್ನು ಅದರ ಪೈಪು ಸಮೇತ ಜೋಡಿಸಿ ಓಡಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ತೊಂದರೆ ಮಾಯವಾದರೆ ಎಂಜಿನ್ನಿನ ಮುಚ್ಚಳ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೂ ಮೊದಲು ಎರಡೂ ಸಿಲಿಂಡರುಗಳಿಗೆ ಬಲವಾದ ಕಿಡಿ ಬರುತ್ತಿದೆಯೇ, ಅವೆರಡರ ಕಂಪ್ರೆಷನ್ (ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ) ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರವಿಲ್ಲವೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಪೆಟ್ರೋಲನ್ನು ಅನುಮಾನಿಸುತ್ತ ದಿನಗಳು ಕಳೆಯುತ್ತವೆ.

ಪೈಪಿನ ನಡುವೆ ಕೈಯಿಂದ ಹಿಚುಕುವ ಪ್ರೈಮರ್ ಬಲ್ಬ್ ಇದೆಯಲ್ಲ, ಅದನ್ನು ಬರೀ ಸ್ಟಾರ್ಟ್ ಮಾಡುವ ಸಾಧನ ಎಂದು ತಿಳಿದವರೇ ಹೆಚ್ಚು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ರೋಗ ತೋರಿಸುವ ಭಾಗವೇ ಅದು. ಎಂಜಿನ್ ಸೊರಗತೊಡಗಿದ ಕ್ಷಣದಲ್ಲಿ ಇನ್ನೊಬ್ಬರಿಗೆ ಹ್ಯಾಂಡಲ್ ಕೊಟ್ಟು ಬಲ್ಬನ್ನು ಮುಟ್ಟಿ ನೋಡಬೇಕು. ಅದು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಎಂಜಿನ್ನಿನ ಪೆಟ್ರೋಲ್ ಪಂಪು ಎಳೆಯುತ್ತಿದೆ, ಆದರೆ ಹಿಂದೆ ಎಲ್ಲೋ ಅಡ್ಡಿಯಿದೆ ಎಂದರ್ಥ: ಟ್ಯಾಂಕಿನ ಮುಚ್ಚಳದ ಗಾಳಿಯ ತಿರುಪು ಮುಚ್ಚಿರಬಹುದು, ಟ್ಯಾಂಕಿನೊಳಗಿನ ಹೀರುಕೊಳವೆಯ ಜಾಲರಿಯಲ್ಲಿ ಕಸ ಕೂತಿರಬಹುದು. ಬಲ್ಬ್ ತನ್ನ ಆಕಾರದಲ್ಲೇ ಇದ್ದು, ಅದನ್ನು ಹಿಚುಕಿದೊಡನೆ ಎಂಜಿನ್ ಚೇತರಿಸಿಕೊಂಡರೆ ಮೊದಲ ಅನುಮಾನ ಪಂಪಿನ ಮೇಲೆ. ಎಷ್ಟು ಹಿಚುಕಿದರೂ ಬಲ್ಬ್ ಗಟ್ಟಿಯಾಗುವುದೇ ಇಲ್ಲವೆಂದಾದರೆ ಪೈಪು ಎಲ್ಲೋ ಗಾಳಿ ಎಳೆಯುತ್ತಿರಬೇಕು, ಬಲ್ಬಿನೊಳಗಿನ ವಾಲ್ವ್ ಹೋಗಿರಬೇಕು, ಅಥವಾ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆಯುವ ನೀಡಲ್ ವಾಲ್ವ್ ಮುಚ್ಚಿಕೊಳ್ಳದೆ ಪೆಟ್ರೋಲ್ ಅದರ ಬಾಯಿಂದ ಸುರಿಯುತ್ತಿರಬೇಕು. ಕೊನೆಯದನ್ನು ಕಣ್ಣಿಗಿಂತ ಮೊದಲು ಮೂಗೇ ಹೇಳುತ್ತದೆ. ಬಲ್ಬಿನ ಮೇಲಿರುವ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರಬೇಕು, ಹಿಚುಕುವಾಗ ಆ ತುದಿ ಮೇಲಕ್ಕಿರಬೇಕು. ಅಡ್ಡಹಿಡಿದು ಹಿಚುಕಿದರೆ ಒಳಗಿನ ವಾಲ್ವುಗಳು ಸರಿಯಾಗಿ ಕೂರದೆ, ಚೆನ್ನಾಗಿರುವ ಬಲ್ಬೂ ಕೆಟ್ಟಿರುವಂತೆ ತೋರಬಹುದು.

ಬಿಡಿಭಾಗಗಳ ವಿಷಯದಲ್ಲಿ ನನ್ನ ಅಸಮಾಧಾನ ಇರುವುದೂ ಈ ಬಲ್ಬ್ ಮತ್ತು ಪೈಪುಗಳ ಬಗ್ಗೆಯೇ. ಅಗ್ಗದಲ್ಲಿ ಸಿಗುವ, ಯಾವ ಗುರುತೂ ಇಲ್ಲದ ಬಲ್ಬುಗಳು ಬಿಸಿಲಿಗೆ ಬೇಗ ಕಲ್ಲಿನಂತೆ ಗಟ್ಟಿಯಾಗುತ್ತವೆ, ಅವುಗಳ ವಾಲ್ವು ಎರಡೂ ಕಡೆಗೆ ಸೋರುತ್ತದೆ. ಪೈಪಿನ ಮೋಸ ಇನ್ನೂ ಸೂಕ್ಷ್ಮ. ನನ್ನ ಮೋಟಾರಿನಿಂದ ತೆಗೆದ ಒಂದು ಪೈಪು ಹೊರಗಿನಿಂದ ನೋಡಲು ಹೊಸದರಂತೆಯೇ ಇತ್ತು, ಬಿರುಕಿಲ್ಲ, ಮಡಿಕೆಯಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ತೆಳುವಾದ ಪದರವು ಗೋಡೆಯಿಂದ ಬಿಟ್ಟು ನಡುವೆ ಸುಕ್ಕುಗಟ್ಟಿ ನಿಂತಿತ್ತು. ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಅದರ ಪಕ್ಕದಲ್ಲಿ ನುಸುಳಿ ಹೋಗುತ್ತದೆ. ಪಂಪು ಜೋರಾಗಿ ಎಳೆದಾಗ ಆ ಪದರವೇ ಎಳೆದುಕೊಂಡು ದಾರಿ ಮುಚ್ಚುತ್ತದೆ. ಎಂಜಿನ್ ನಿಂತು ಎಳೆತ ಇಳಿದೊಡನೆ ಮತ್ತೆ ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಸರಿಯಾಗಿ ಹೊಂದುವ ಕಾರಣವನ್ನು ನಾನು ಕಂಡಿಲ್ಲ. ಗಾಳಿ ಎಳೆಯುವುದನ್ನು ಪತ್ತೆಹಚ್ಚಲು ಪಂಪಿನ ಮುಂಚೆ ಗೇಣುದ್ದದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಗುಳ್ಳೆಗಳ ಮೂಲ ಹಲವು ಬಾರಿ ಪೈಪನ್ನು ಎಂಜಿನ್ನಿಗೆ ಸಿಕ್ಕಿಸುವ ಕನೆಕ್ಟರಿನೊಳಗಿನ ಸಣ್ಣ ಓ-ರಿಂಗ್ ಆಗಿರುತ್ತದೆ. ಅಲ್ಲಿ ಪೆಟ್ರೋಲ್ ಹೊರಗೆ ಸೋರದೆ ಗಾಳಿ ಮಾತ್ರ ಒಳಗೆ ಹೋಗಬಹುದಾದ್ದರಿಂದ, ಒಣಗಿದ ಕನೆಕ್ಟರನ್ನು ನೋಡಿ ಸಮಾಧಾನಪಡುವಂತಿಲ್ಲ.

ಈ ಮೋಟಾರು ತಯಾರಾದ ಕಾಲದಲ್ಲಿ ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ವಸ್ತುವೆಂದರೆ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್. ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಶೇಕಡಾ 10ರಷ್ಟು ಎಥನಾಲ್ ಇರುವ ಪೆಟ್ರೋಲು ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಸುಮಾರು ಶೇಕಡಾ ಅರ್ಧದಷ್ಟು ನೀರನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಅದನ್ನು ಮೀರಿದರೆ ಎಥನಾಲ್ ನೀರಿನ ಜೊತೆ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹೀರುಕೊಳವೆ ಇರುವುದೂ ತಳದಲ್ಲಿಯೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಇದರಲ್ಲಿ ಎರಡು ಪಟ್ಟು ಅಪಾಯವಿದೆ, ಏಕೆಂದರೆ ಅದಕ್ಕೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತೇವೆ, ಆ ಆಯಿಲು ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆಯೇ ಹೊರತು ತಳದ ಪದರಕ್ಕೆ ಇಳಿಯುವುದಿಲ್ಲ. ಆ ಪದರವನ್ನು ಕುಡಿದ ಎಂಜಿನ್ನಿಗೆ ಬೇರಿಂಗುಗಳನ್ನು ಕಾಪಾಡುವ ಎಣ್ಣೆಯೇ ಸಿಗುವುದಿಲ್ಲ. ಅನುಮಾನ ಬಂದಾಗ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಅಲುಗಿಸದೆ ಇಟ್ಟರೆ ಗೆರೆ ಎಳೆದಂತೆ ಎರಡು ಪದರ ಕಾಣುತ್ತದೆ. ಹಾಗೆ ಒಡೆದ ಪೆಟ್ರೋಲನ್ನು ಮತ್ತೆ ಒಂದುಗೂಡಿಸುತ್ತೇವೆ ಎಂದು ಮಾರುವ ಬಾಟಲಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಅದನ್ನು ಹೊರಹಾಕಿ ಟ್ಯಾಂಕ್ ಒಣಗಿಸುವುದೇ ಸರಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಕೊಂಡದ್ದು ಒಳ್ಳೆಯ ಖರ್ಚೇ ಆದರೂ ಈಗಾಗಲೇ ಒಡೆದ ಪೆಟ್ರೋಲಿಗೆ ಅದು ಮದ್ದಲ್ಲ.

ಆಯಿಲಿನ ಪ್ರಮಾಣ 50:1, ಅಂದರೆ 25 ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್, ಟಿಸಿ-ಡಬ್ಲ್ಯು3 (ನೀರಿನಿಂದ ತಣ್ಣಗಾಗುವ ಟೂ ಸ್ಟ್ರೋಕ್ ಎಂಜಿನ್ನುಗಳ ಆಯಿಲಿನ ದರ್ಜೆ) ಎಂದು ನಮೂದಿಸಿದ ಔಟ್‌ಬೋರ್ಡ್ ಆಯಿಲು. 1980ರ ದಶಕದಲ್ಲಿ ಕೆಲವು ತಯಾರಕರು 100:1 ಸಾಕೆಂದು ಹೇಳಿದ್ದುಂಟು. ನಾನು ಆ ದಾರಿ ಹಿಡಿಯಲಿಲ್ಲ. (ಇನ್ನೂ ಹಳೆಯ, 1950ರ ದಶಕದ ಕೆಲವು ಮೋಟಾರುಗಳಲ್ಲಿ ಪೆಟ್ರೋಲ್ ಪಂಪೇ ಇರಲಿಲ್ಲ, ಎಂಜಿನ್ನೇ ಜೋಡಿ ಪೈಪಿನ ಮೂಲಕ ಟ್ಯಾಂಕಿಗೆ ಗಾಳಿಯ ಒತ್ತಡ ಕೊಟ್ಟು ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತಿತ್ತು. ಅಂಥದ್ದನ್ನು ಇಟ್ಟುಕೊಂಡವರಿಗೆ ಇಲ್ಲಿನ ಬಲ್ಬಿನ ಮಾತುಗಳು ಅನ್ವಯಿಸುವುದಿಲ್ಲ.)

ಪಂಪಿನ ವಿನ್ಯಾಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಪಿಸ್ಟನ್ನುಗಳ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿನೊಳಗಿನ ಒತ್ತಡದ ಏರಿಳಿತವೇ ಒಂದು ತೆಳು ಡಯಾಫ್ರಾಮನ್ನು (ಬಾಗುವ ಪೊರೆಯನ್ನು) ಹಿಂದೆ ಮುಂದೆ ಆಡಿಸುತ್ತದೆ. ಕೆಲವೇ ಸ್ಕ್ರೂ ಬಿಚ್ಚಿದರೆ ಎಲ್ಲವೂ ಕೈಗೆ ಬರುತ್ತದೆ. ಡಯಾಫ್ರಾಮನ್ನು ಬೆಳಕಿಗೆ ಹಿಡಿದು ಸ್ವಲ್ಪ ಎಳೆದು ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಪಂಪಿನ ಬಲ ಕುಗ್ಗುವುದಲ್ಲದೆ, ಅದೇ ತೂತಿನಿಂದ ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಪಂಪು ಒಂದೇ ಸಿಲಿಂಡರಿನ ಒತ್ತಡದಿಂದ ನಡೆಯುವುದರಿಂದ ಆ ಸಿಲಿಂಡರಿನ ಪ್ಲಗ್ ಮಾತ್ರ ಒದ್ದೆಯಾಗಿ ಕಪ್ಪಾಗಿರುತ್ತದೆ, ಇನ್ನೊಂದು ಕಂದು ಬಣ್ಣದಲ್ಲಿ ಚೆನ್ನಾಗಿಯೇ ಇರುತ್ತದೆ. ಎರಡು ಪ್ಲಗ್ಗುಗಳಲ್ಲಿ ಇಂಥ ವ್ಯತ್ಯಾಸ ಕಂಡಾಗ ಕಿಡಿಯನ್ನು ಮಾತ್ರ ದೂರದೆ ಪಂಪನ್ನೂ ಬಿಚ್ಚಿ ನೋಡುವುದು ಒಳ್ಳೆಯದು.

ಇವೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಕಾರ್ಬ್ಯುರೇಟರಿನ ಸರದಿ. ಎಂಜಿನ್ ಸೊರಗುವಾಗ ಚೋಕನ್ನು (ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಹಿಡಿಯನ್ನು) ಕ್ಷಣಕಾಲ ಎಳೆದರೆ ಅದು ಎತ್ತಿಕೊಳ್ಳುತ್ತದೆ, ಬಲ್ಬ್ ಹಿಚುಕಿದರೆ ಏನೂ ಬದಲಾಗುವುದಿಲ್ಲ ಎಂದಾದರೆ ಜೆಟ್ (ಪೆಟ್ರೋಲ್ ಅಳತೆಯಾಗಿ ಹಾಯುವ ಸಣ್ಣ ತೂತಿನ ಭಾಗ) ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ, ಒಳಗೆ ವಾರ್ನಿಷ್‌ನಂಥ ಕಂದು ಅಂಟನ್ನು ಬಿಟ್ಟುಹೋಗಿರುತ್ತದೆ. ಹೊರಗಿನಿಂದ ಸ್ಪ್ರೇ ಹೊಡೆದರೆ ಅದು ಹೋಗದು. ಬಿಚ್ಚಿ, ಕ್ಲೀನರಿನಲ್ಲಿ ನೆನೆಸಿ, ಪ್ರತಿ ದಾರಿಗೂ ಗಾಳಿ ಹೊಡೆದು, ತುದಿಯಿಂದ ತುದಿಗೆ ಬೆಳಕು ಕಾಣುವುದನ್ನು ಖಚಿತಪಡಿಸಿಕೊಳ್ಳಬೇಕು. ಉಕ್ಕಿನ ತಂತಿಯನ್ನು ಜೆಟ್ಟಿಗೆ ತೂರಿಸಬಾರದು, ಹಿತ್ತಾಳೆಯ ತೂತು ಒಮ್ಮೆ ಅಗಲವಾದರೆ ಅಳತೆ ಹೋದಂತೆಯೇ. ಫ್ಲೋಟಿನ ಮಟ್ಟವನ್ನು ಕೈಪಿಡಿಯ ಪ್ರಕಾರ ಹೊಂದಿಸಬೇಕು. ನಿಧಾನಗತಿಯ ಸ್ಕ್ರೂವನ್ನು ಹೊಂದಿಸುವುದು ದೋಣಿ ನೀರಿನಲ್ಲಿರುವಾಗ, ಎಂಜಿನ್ ಬಿಸಿಯಾಗಿ ಗೇರಿನಲ್ಲಿರುವಾಗ. ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಸೀನಿದಂತೆ ಕಾರ್ಬ್ಯುರೇಟರಿನಿಂದ ಪಟ್ ಎಂದು ಹಿಂದಕ್ಕೆ ಹೊಡೆಯುತ್ತದೆ. ಆ ಸದ್ದನ್ನು ನಿಧಾನಗತಿಯಲ್ಲಿ ಸಹಿಸಬಹುದು. ಪೂರ್ಣ ವೇಗದಲ್ಲಿ ಪೆಟ್ರೋಲ್ ಕೊರತೆಯಾದರೆ ಪಿಸ್ಟನ್ನೇ ಸುಡುತ್ತದೆ, ಏಕೆಂದರೆ ಪೆಟ್ರೋಲಿನ ಜೊತೆಗೇ ಬರುವ ಆಯಿಲೂ ಅಷ್ಟೇ ಕಡಿಮೆಯಾಗಿರುತ್ತದೆ. ಹಾಗಾಗಿ ಶಕ್ತಿ ಕುಗ್ಗುತ್ತಿರುವ ಮೋಟಾರನ್ನು ಹೇಗೋ ದಡ ಸೇರಿಸೋಣವೆಂದು ಪೂರ್ತಿ ಥ್ರಾಟಲಿನಲ್ಲೇ ಎಳೆದಾಡಬಾರದು.

ಈ ಕೆಲಸಗಳಲ್ಲೆಲ್ಲ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ನಿಲ್ಲುತ್ತದೆ ಎಂಬುದು ನೆನಪಿರಲಿ; ಬ್ಯಾಟರಿಯ ಸಂಪರ್ಕ ತೆಗೆದು, ಎತ್ತಿಡಬಹುದಾದ ಟ್ಯಾಂಕನ್ನು ದೋಣಿಯಿಂದ ಹೊರಗಿಟ್ಟು ಕೆಲಸ ಮಾಡುವುದು ಕ್ಷೇಮ.

ಇಂಥ ಮೋಟಾರನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಸ್ವತಃ ಸ್ಪ್ಯಾನರ್ ಹಿಡಿಯುವ ಮನಸ್ಸಿದ್ದು, ಪೈಪು, ಬಲ್ಬ್, ಓ-ರಿಂಗ್, ಡಯಾಫ್ರಾಮುಗಳನ್ನು ಕೆಡುವ ಮುಂಚೆಯೇ ಬದಲಾಯಿಸುವ ಅಭ್ಯಾಸವಿದ್ದರೆ ಧಾರಾಳವಾಗಿ ಕೊಳ್ಳಿ. ಕೀಲಿ ತಿರುಗಿಸಿದೊಡನೆ ಹೊರಡಬೇಕು, ಮುಚ್ಚಳ ತೆಗೆಯುವ ಗೊಡವೆಯೇ ಬೇಡ ಎನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ. ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ನೋಡಿಕೊಳ್ಳಬಹುದು. ಕೊಳ್ಳುವ ಮುಂಚೆ ಮಾಡೆಲ್ ನಂಬರನ್ನು ಬರೆದುಕೊಂಡು, ಆ ನಂಬರಿನ ಕಾರ್ಬ್ಯುರೇಟರ್ ಕಿಟ್ ಮತ್ತು ಪಂಪಿನ ಡಯಾಫ್ರಾಮ್ ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಮೋಟಾರು ಎಷ್ಟೇ ಹೊಳೆಯುತ್ತಿರಲಿ, ಬಿಟ್ಟುಬಿಡಿ.