ಬಿಲ್ ಸ್ನೈಡರ್ ಫ್ಯಾಮಿಲಿ ಸ್ಟೇಡಿಯಂ, ಕಾನ್ಸಸ್: ಕೋಚ್ ಹೆಸರಿನ ಮೈದಾನ, ತಪ್ಪದೆ ನೋಡಿ

ಮಕ್ಕಳು ಕಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದು, ಅವರನ್ನು ನೋಡೋಕೆ ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಬಂದರೆ ಒಂದು ಶನಿವಾರ ಇಲ್ಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಪಂದ್ಯ ನೋಡಿ. ಆಟ ಅರ್ಥ ಆಗದಿದ್ದರೂ ಪರವಾಗಿಲ್ಲ. ನನಗೂ ನಿಯಮಗಳು ಅರ್ಧಂಬರ್ಧ ಗೊತ್ತು, ಅಷ್ಟೇ. ಆದರೆ ಈ ಮೈದಾನಕ್ಕೆ ಯಾರ ಹೆಸರಿದೆ, ಯಾಕಿದೆ ಅನ್ನೋದು ಗೊತ್ತಿದ್ದರೆ ನೋಡುವ ಖುಷಿಯೇ ಬೇರೆ.

ಊರು ಮ್ಯಾನ್‌ಹ್ಯಾಟನ್. ನ್ಯೂಯಾರ್ಕಿನದ್ದಲ್ಲ, ಕಾನ್ಸಸ್‌ನ ಚಿಕ್ಕ ಊರು. ಕಾನ್ಸಸ್ ಸಿಟಿಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ದೊಡ್ಡ ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿದರೆ ಸುತ್ತ ಬರೀ ಹುಲ್ಲುಗುಡ್ಡ, ಮತ್ತೆ ಆ ರಸ್ತೆಗೂ ಸ್ನೈಡರ್ ಹೆಸರೇ!

ಈ ಬಿಲ್ ಸ್ನೈಡರ್ ಮಾಡಿದ್ದೇನು ಅಂದರೆ, 1989ರಲ್ಲಿ ಕೋಚ್ ಆಗಿ ಬಂದಾಗ ಕಾನ್ಸಸ್ ಸ್ಟೇಟ್ ತಂಡದ ಹೆಸರು ಹೇಳಿದರೆ ಅಮೆರಿಕದಲ್ಲಿ ಜನ ನಗುತ್ತಿದ್ದರು. ದೊಡ್ಡ ಕಾಲೇಜು ತಂಡಗಳಲ್ಲಿ 500 ಪಂದ್ಯ ಸೋತ ಮೊದಲ ತಂಡ ಇದು. 1986ರ ಅಕ್ಟೋಬರ್‌ನಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದಿದ್ದು 1989ರ ಸೆಪ್ಟೆಂಬರ್ ಕೊನೆಗೆ, ನಾರ್ತ್ ಟೆಕ್ಸಸ್ ವಿರುದ್ಧ, 20-17, ಅದೂ ಕಟ್ಟಕಡೆಯ ಎಸೆತದಲ್ಲಿ. ಆ ವರ್ಷ ಸಿಕ್ಕಿದ್ದು ಅದೊಂದೇ ಗೆಲುವು. ಅದೇ ತಂಡ 1998ರಲ್ಲಿ ಋತುವಿನ ಮಾಮೂಲಿ ಪಂದ್ಯ ಹನ್ನೊಂದನ್ನೂ ಗೆದ್ದಿತು, 2003ರಲ್ಲಿ ಬಲಾಢ್ಯ ಒಕ್ಲಹೋಮಾವನ್ನು 35-7ರಿಂದ ಬಡಿದು ಬಿಗ್ 12 (ಈ ತಂಡ ಆಡುವ ಕಾಲೇಜು ಲೀಗ್) ಪ್ರಶಸ್ತಿ ತಂದಿತು. ಜರ್ಸಿ, ಟೋಪಿ, ಬಾವುಟ, ಕಾರಿನ ಹಿಂದೆ, ಎಲ್ಲೆಲ್ಲೂ ಕಾಣುವ ಆ ನೇರಳೆ ಕಾಡುಬೆಕ್ಕಿನ ಲಾಂಛನ ಇದೆಯಲ್ಲ, ಅದೂ ಅವರು ಬಂದ ಮೇಲೆ ಮಾಡಿಸಿದ್ದೇ.

2005ರಲ್ಲಿ ನಿವೃತ್ತಿಯಾದಾಗ ಮೈದಾನಕ್ಕೆ ಅವರ ಹೆಸರಿಡಲು ಯೂನಿವರ್ಸಿಟಿ ಮುಂದಾಯಿತು. ನನ್ನೊಬ್ಬನ ಹೆಸರು ಬೇಡ, ಮನೆಯವರದ್ದೂ ಸೇರಲಿ ಅನ್ನುವುದು ಅವರ ಇಷ್ಟವಾಗಿತ್ತು. ಹೆಸರಿನ ನಡುವೆ ಫ್ಯಾಮಿಲಿ ಬಂದಿದ್ದು ಹಾಗೆ. ಕೋಚ್ ಅಂದರೆ ವರ್ಷಪೂರ್ತಿ ಮಧ್ಯರಾತ್ರಿವರೆಗೆ ಕೆಲಸ, ಅದರ ಬೆಲೆ ತೆರುವವರು ಹೆಂಡತಿ ಮಕ್ಕಳು ಅಲ್ವಾ? ನನಗೆ ಈ ಹೆಸರಿನಲ್ಲಿ ತುಂಬಾ ಹಿಡಿಸಿದ್ದು ಅದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಹೋದ ಮೇಲೆ ತಂಡ ಮತ್ತೆ ಸೊರಗಿತು. 2009ರಲ್ಲಿ ಅವರೇ ವಾಪಸ್ ಬಂದು, ತಮ್ಮದೇ ಹೆಸರಿನ ಮೈದಾನದಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಿಂತು, 2012ರಲ್ಲಿ ಮತ್ತೊಮ್ಮೆ ಬಿಗ್ 12 ಗೆಲ್ಲಿಸಿದರು. 2018ರಲ್ಲಿ ಕೆಲಸ ಬಿಟ್ಟಾಗ ವಯಸ್ಸು 79, ಒಟ್ಟು ಗೆಲುವು 215. ಕೆಲಸದಲ್ಲಿರುವವರ ಹೆಸರನ್ನು ಕಟ್ಟಡಕ್ಕೆ ಇಡಬಾರದು ಅಂತ ವಾದಿಸುವವರಿದ್ದಾರೆ. ಮುಂದೆ ಸೋತರೆ ಮುಜುಗರ, ತೆಗೆದುಹಾಕುವುದೂ ಕಷ್ಟ. ಮಾತು ಸರಿಯೇ. ಆದರೆ ಇಲ್ಲಿ ಹೆಸರಿಟ್ಟಿದ್ದು ಅವರು ಬಿಟ್ಟು ಹೊರಟಾಗ, ಅದೂ ಹದಿನೇಳು ವರ್ಷದ ದುಡಿಮೆ ನೋಡಿ.

ಮೈದಾನ ಚೆನ್ನಾಗಿದೆ. ಸುಮಾರು 50,000 ಜನ ಹಿಡಿಯುತ್ತದೆ, ಮೇಲಿನ ಸಾಲಿನಲ್ಲಿ ಕೂತರೂ ಆಟ ಸಲೀಸಾಗಿ ಕಾಣುತ್ತದೆ. ಹೊರಗೆ ಸ್ನೈಡರ್ ಅವರ ಕಂಚಿನ ಪ್ರತಿಮೆ ಇದೆ, ಪಂದ್ಯದ ದಿನ ಅದರ ಮುಂದೆ ಫೋಟೋಗೆ ನಿಂತವರೇ ಜಾಸ್ತಿ. ಬೆಳಿಗ್ಗೆಯಿಂದಲೇ ಪಾರ್ಕಿಂಗ್ ಜಾಗದಲ್ಲಿ ಜನ ಕಾರಿನ ಹಿಂಬಾಗಿಲು ತೆಗೆದು, ಒಲೆ ಹೂಡಿ, ಮಾಂಸ ಸುಡುತ್ತಾ ಕೂತಿರುತ್ತಾರೆ. ಬ್ಯಾಂಡಿನವರು ಹಳೆಯ ರೈಲಿನ ಹಾಡು ಶುರು ಮಾಡಿದರೆ ವಿದ್ಯಾರ್ಥಿಗಳು ಒಬ್ಬರು ಮುಂದೆ ಬಾಗಿದರೆ ಪಕ್ಕದವರು ಹಿಂದೆ ಬಾಗುತ್ತಾ, ಸಾಲಿಗೆ ಸಾಲೇ ತೂಗುತ್ತಾರೆ. 1968ರ ಬೆಂಕಿಯಲ್ಲಿ ಸಂಗೀತ ವಿಭಾಗದ ಹಾಳೆಗಳೆಲ್ಲ ಸುಟ್ಟಾಗ ಉಳಿದಿದ್ದು ಆ ಹಾಡೊಂದೇ ಅಂತ ಇಲ್ಲಿಯವರು ಹೇಳುತ್ತಾರೆ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಇರುವುದು ಕ್ರಿಕೆಟ್ ಆಡಳಿತ ನೋಡಿಕೊಂಡವರ ಹೆಸರು. ಆಡಳಿತಗಾರರ ಸೇವೆಯೂ ದೊಡ್ಡದೇ. ಆದರೂ ಹುಡುಗರನ್ನು ದಿನಾ ಮೈದಾನದಲ್ಲಿ ತಿದ್ದಿದ ಕೋಚ್‌ಗಳ ಹೆಸರು ನಮ್ಮಲ್ಲೂ ಕಾಣಬೇಕು ಅಂತ ನನಗೆ ಅನ್ನಿಸುತ್ತದೆ. ದುಡ್ಡು ಕೊಟ್ಟ ಕಂಪನಿಯ ಬೋರ್ಡಿಗಿಂತ ಅದು ಸಾವಿರ ಪಾಲು ಮೇಲು.

ಹೋಗುವವರಿಗೆ: ಬ್ಯಾಗ್ ಪಾರದರ್ಶಕವಾಗಿರಬೇಕು. ನವೆಂಬರ್ ಆದರೆ ಗಾಳಿ ಮೂಳೆಗೆ ಇಳಿಯುತ್ತದೆ, ಸ್ವೆಟರ್ ಮೇಲೆ ಜಾಕೆಟ್ ಇರಲಿ, ಕುಲಾವಿ ಮರೆಯಬೇಡಿ. ಏನಾದರೂ ನೇರಳೆ ಬಣ್ಣದ್ದು ಹಾಕಿಕೊಳ್ಳಿ, ಪಕ್ಕದವರು ತಾವಾಗಿಯೇ ಮಾತಿಗೆ ಬರುತ್ತಾರೆ. ಯೂನಿವರ್ಸಿಟಿ ಡೈರಿಯ ಐಸ್‌ಕ್ರೀಂ ಕಾಲ್ ಹಾಲ್‌ನಲ್ಲಿ ಸಿಗುತ್ತದೆ, ತೆರೆದಿರುವ ಸಮಯ ನೋಡಿಕೊಂಡು ಹೋಗಿ. ನನ್ನ ಅಂಕ 5ಕ್ಕೆ 5.